ಮಂಡಿಯ ದಾಖಲೆ, ವ್ಯಾಪಾರದ ನಂಬಿಕೆ

ಎದುರಿನವರ ನಡೆಯನ್ನು ಪ್ರತಿ ಬಾರಿಯೂ ಪರೀಕ್ಷಿಸಲು ಸಾಧ್ಯವಿಲ್ಲದಿದ್ದರೂ ಅವರು ಮಾತಿಗೆ ತಪ್ಪುವುದಿಲ್ಲವೆಂದು ಸರಕನ್ನೋ ಹಣವನ್ನೋ ಮೊದಲೇ ಒಪ್ಪಿಸುವುದೇ ವ್ಯಾಪಾರದ ನಂಬಿಕೆ. ಬೆಲೆ, ತೂಕ, ಗುಣಮಟ್ಟಗಳು ಒಬ್ಬರಿಗೆ ತಿಳಿದು ಇನ್ನೊಬ್ಬರಿಗೆ ತಿಳಿಯದಿದ್ದಾಗ ಈ ನಂಬಿಕೆ ಸಡಿಲವಾಗುತ್ತದೆ. ಎಲ್ಲರೂ ಒಂದೇ ದಾಖಲೆಯನ್ನು ನೋಡಬಲ್ಲ ಮಾಹಿತಿ ವ್ಯವಸ್ಥೆ ಆ ಕೊರತೆಯನ್ನು ತುಂಬಬಲ್ಲದು. ಆದರೆ ಎಲ್ಲ ಸರಕಿಗೂ ಅದು ಒಂದೇ ರೀತಿ ಒದಗುವುದಿಲ್ಲವೆಂಬುದನ್ನು ಚಾಮರಾಜನಗರದ ಅರಿಶಿನ ಮತ್ತು ಗುಂಡ್ಲುಪೇಟೆಯ ತರಕಾರಿ ವ್ಯಾಪಾರಗಳಿಂದ ತಿಳಿಯಬಹುದು.

ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳನ್ನು (ಎಪಿಎಂಸಿ) ಒಂದೇ ಗಣಕಜಾಲಕ್ಕೆ ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಕರ್ನಾಟಕ ಸರ್ಕಾರ 2014ರಲ್ಲಿ ಆರಂಭಿಸಿತು. ಪ್ರಾಂಗಣಕ್ಕೆ ಬಂದ ಸರಕಿಗೆ ಇಲ್ಲಿ ಲಾಟ್ ಸಂಖ್ಯೆ ದೊರೆಯುತ್ತದೆ. ಖರೀದಿದಾರರು ಒಬ್ಬರ ಬೆಲೆ ಇನ್ನೊಬ್ಬರಿಗೆ ಕಾಣದಂತೆ ಗಣಕದಲ್ಲಿ ಟೆಂಡರ್ ಹಾಕುತ್ತಾರೆ. ನಿಗದಿತ ಹೊತ್ತಿಗೆ ಅತಿ ಹೆಚ್ಚಿನ ಬೆಲೆ ಪ್ರಕಟವಾಗುತ್ತದೆ, ಅದು ಒಪ್ಪಿಗೆಯಾಗದಿದ್ದರೆ ರೈತನು ನಿರಾಕರಿಸಬಹುದು. ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿದ ಅರಿಶಿನ ಬೇಗ ಕೆಡುವುದಿಲ್ಲ, ಅದರ ತೇವಾಂಶವನ್ನೂ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಅಂಶವನ್ನೂ ಅಳೆಯಬಹುದು. ಆದ್ದರಿಂದ ಸರಕನ್ನು ಕಣ್ಣಾರೆ ಕಾಣದ ದೂರದ ವರ್ತಕನೂ ದಾಖಲೆಯನ್ನು ನೆಚ್ಚಿ ಬೆಲೆ ಕಟ್ಟಲು ಸಾಧ್ಯ. ಹಾಗಾಗಬೇಕಾದರೆ ಗುಣಮಟ್ಟದ ಪರೀಕ್ಷೆ ನಿಷ್ಪಕ್ಷಪಾತವಾಗಿರಬೇಕು, ಏಕೆಂದರೆ ತಪ್ಪು ಮಾಹಿತಿ ಜಾಲಕ್ಕೆ ಸೇರಿದರೆ ಅದು ಎಲ್ಲರಿಗೂ ಹರಡುತ್ತದೆ.

ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ಟೊಮೆಟೊ, ಬೀನ್ಸ್‌ಗಳ ಪರಿಸ್ಥಿತಿ ಬೇರೆ. ದಾರಿಯಲ್ಲಿ ಸಿಗುವ ಬಂಡೀಪುರ ಅರಣ್ಯದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿರುವುದರಿಂದ ಲಾರಿ ಹೊತ್ತಿಗೆ ಮುಂಚೆ ಹೊರಡಬೇಕು, ತಡವಾದರೆ ಸರಕು ಬಾಡುತ್ತದೆ. ಪರೀಕ್ಷೆಗೂ ಟೆಂಡರಿಗೂ ಕಾಯುವಷ್ಟು ಸಮಯವಿಲ್ಲದ ಇಂಥ ವ್ಯಾಪಾರದಲ್ಲಿ ಮಂಡಿಯವರ ಪರಿಚಯ, ಫೋನಿನ ಮಾತು, ಉದ್ದರಿಯ ಲೆಕ್ಕಗಳಿಗೆ ಹೆಚ್ಚು ಬೆಲೆ ಇರುವುದು ಸಹಜ. ವರ್ಷಗಳ ಒಡನಾಟದಿಂದ ಬೆಳೆದ ಈ ವಿಶ್ವಾಸವನ್ನು ಹಗುರವಾಗಿ ಕಾಣಬಾರದು. ಆದರೆ ಲೆಕ್ಕ ಒಬ್ಬರ ಪುಸ್ತಕದಲ್ಲಿ ಮಾತ್ರ ಇದ್ದರೆ, ವಿವಾದ ಎದ್ದಾಗ ದುರ್ಬಲರ ಮಾತಿಗೆ ಆಧಾರವೇ ಇರುವುದಿಲ್ಲ.

ಆದ್ದರಿಂದ ಅರಿಶಿನಕ್ಕೆ ಒಪ್ಪುವ ವ್ಯವಸ್ಥೆಯನ್ನು ತರಕಾರಿಯ ಮೇಲೆ ಹೇರುವ ಬದಲು, ತೂಕ, ಒಪ್ಪಿದ ಬೆಲೆ, ಹಣ ಸಂದಾಯದ ದಿನ ಇವಿಷ್ಟನ್ನಾದರೂ ರೈತ, ಮಂಡಿಯವರು, ಖರೀದಿದಾರ ಮೂವರೂ ತಮ್ಮ ಮೊಬೈಲಿನಲ್ಲಿ ಕನ್ನಡ, ಮಲಯಾಳಂಗಳಲ್ಲಿ ನೋಡುವಂತಾಗಬೇಕು. ಪರಿಚಯದ ಬಲದಿಂದ ನಡೆಯುವ ವ್ಯಾಪಾರಕ್ಕೆ ಅಷ್ಟು ದಾಖಲೆ ಸೇರಿದರೆ, ಹೊಸದಾಗಿ ಬರುವ ಸಣ್ಣ ರೈತನಿಗೂ ಅದರಲ್ಲಿ ಸಮಾನ ಸ್ಥಾನ ದೊರೆಯುತ್ತದೆ.