ಎಐ ಬಿಲ್ಲು ಹತ್ತು ಸಾವಿರದ ಫೋನಿನ ಮೇಲೆ

ಇಂಜಿನಿಯರಿಂಗ್ ಓದಿದವನು ಅಂತ ಜನ ನನ್ನನ್ನ ಕೇಳ್ತಾರೆ, 2026ರಲ್ಲಿ ಯಾವ ಫೋನ್ ತಗೊಳ್ಳಲಿ? ಹಳೇದನ್ನೇ ಜೋಪಾನ ಮಾಡಿ ಅಂತೀನಿ.

ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ ತಯಾರಿಸೋದು ಮೂರೇ ಕಂಪನಿಗಳು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳು ಬಯಸುವ ಎಚ್‌ಬಿಎಂ ಮೆಮೊರಿಯಲ್ಲಿ ಲಾಭ ಜಾಸ್ತಿ, ಹಾಗಾಗಿ ಮೂವರೂ ಅತ್ತ ವಾಲಿದ್ದಾರೆ. ಮೈಕ್ರಾನ್ ಅಂತೂ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಷಿಯಲ್ ವ್ಯವಹಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಘೋಷಿಸಿತು. ಹೊಸ ಕಾರ್ಖಾನೆ ಕಟ್ಟೋಕೆ ವರ್ಷಗಳೇ ಹಿಡಿಯುತ್ತೆ.

ಲಕ್ಷದ ಫೋನಿನ ಲಾಭದಲ್ಲಿ ಈ ಏರಿಕೆ ಕರಗಿಹೋಗಬಹುದು. ಹತ್ತು ಸಾವಿರದ ಫೋನಿನಲ್ಲಿ ಅಷ್ಟು ಲಾಭವೇ ಇಲ್ಲ. ಒಂದೋ ಬೆಲೆ ಏರುತ್ತೆ, ಇಲ್ಲಾ ಅದೇ ಬೆಲೆಗೆ ಕಡಿಮೆ ರ‍್ಯಾಮ್ ಸಿಗುತ್ತೆ. ಚಾಟ್‌ಬಾಟ್ ಮುಟ್ಟಿಯೂ ನೋಡದ ಆಶಾ ಕಾರ್ಯಕರ್ತೆಗೆ, ಡೆಲಿವರಿ ಹುಡುಗನಿಗೆ ಆ್ಯಪ್ ಇಲ್ಲದೆ ಕೆಲಸ ಸಾಗಲ್ಲ. ಅವರು ಕೊಳ್ಳಲೇಬೇಕು.