ಹಂದಿಯ ಬೆನ್ನಟ್ಟಿದ ಹೆಲಿಕಾಪ್ಟರು

ಮಲೆನಾಡಿನ ರೈತನು ಗದ್ದೆಯಂಚಿನ ಅಟ್ಟಣೆಯಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ಅಟ್ಟುವ ಹಂದಿಯನ್ನು ಅಮೆರಿಕದ ಟೆಕ್ಸಾಸ್ ರಾಜ್ಯದವರು ಆಕಾಶದಿಂದ ಬೇಟೆಯಾಡುತ್ತಾರೆ! ಸ್ಪೇನಿನವರು 16ನೆಯ ಶತಮಾನದಲ್ಲಿ ಆ ಖಂಡಕ್ಕೊಯ್ದ ಸಾಕುಹಂದಿಗಳ ಸಂತತಿ ಕಾಡುಪಾಲಾಗಿ, ಬೆಳೆದು, ಇಂದು ಹೊಲಗಳನ್ನು ನೇಗಿಲಿನಿಂದ ಉತ್ತಂತೆ ಕೆದಕಿಹಾಕುತ್ತಿದೆ. ಹಣ ತೆತ್ತ ಬೇಟೆಗಾರರೂ ಹೆಲಿಕಾಪ್ಟರಿನಿಂದ ಗುಂಡು ಹಾರಿಸಬಹುದೆಂದು ಅಲ್ಲಿಯ ಶಾಸನಸಭೆ 2011ರಲ್ಲಿ ಕಾಯಿದೆ ಮಾಡಿತು. 2017ರಲ್ಲಿ ಬಿಸಿಗಾಳಿಯ ಬಲೂನಿಗೂ ಅಪ್ಪಣೆ ದೊರೆಯಿತು. (ಹಂದಿ ಓಡಿದತ್ತಲೇ ಗಾಳಿಯೂ ಬೀಸಬೇಕಷ್ಟೆ!)

ಇಲ್ಲಿ ಅಪಾಯವಿರುವುದು ಹಂದಿಯ ಕೋರೆಯಲ್ಲಲ್ಲ. ಎತ್ತರದಲ್ಲಿ ಯಂತ್ರ ಕೆಟ್ಟರೆ ಚಾಲಕನು ಕೂಡಲೆ ರೆಕ್ಕೆಗಳ ಓರೆಯನ್ನು ತಗ್ಗಿಸುತ್ತಾನೆ. ಕೆಳಗಿನಿಂದ ನುಗ್ಗುವ ಗಾಳಿಯೇ ಅವನ್ನು ತಿರುಗಿಸುತ್ತ ವಾಹನವನ್ನು ನೆಲ ಮುಟ್ಟಿಸುತ್ತದೆ. ಇದಕ್ಕೆ ಎತ್ತರವೋ ವೇಗವೋ ಒಂದಾದರೂ ಬೇಕು. ಹಂದಿಬೇಟೆಯಲ್ಲಿ ಎರಡೂ ಇಲ್ಲ. ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದ ಮೂರಂತಸ್ತಿನ ಮನೆಯಷ್ಟೆತ್ತರದಲ್ಲಿ, ಹೊರಳಿ ಹೊರಳಿ ಓಡುವ ಪ್ರಾಣಿಯ ಓಟಕ್ಕೆ ತಕ್ಕಂತೆ ಹಾರಬೇಕು. ಚಾಲಕನ ಕಣ್ಣು ಹಂದಿಯ ಮೇಲೆ. ಎದುರಿನ ವಿದ್ಯುತ್ ತಂತಿಯೋ ಆಕಾಶದ ಬಣ್ಣದಲ್ಲಿ ಕರಗಿರುತ್ತದೆ. ಬಾಗಿಲು ಕಳಚಿದ ಬದಿಯಿಂದ ಸಿಡಿದ ಖಾಲಿ ತೋಟಾ ಬಾಲದ ಚಕ್ರಕ್ಕೆ ತಗುಲಿದರೂ ಕೇಡೇ.

ನಮ್ಮಲ್ಲಿ ಹೆಲಿಕಾಪ್ಟರಿನ ಬೇಟೆಯಿಲ್ಲವೆಂದು ನಿಶ್ಚಿಂತರಾಗಿರುವಂತಿಲ್ಲ. 1972ರ ವನ್ಯಜೀವಿ ಕಾಯಿದೆಯಂತೆ, ಅಪ್ಪಣೆಯಿಲ್ಲದೆ ಕಾಡುಹಂದಿಯನ್ನು ಬೇಟೆಯಾಡಕೂಡದು. ಕದ್ದು ಕೊಲ್ಲುವವರು ತಿನಿಸಿನಲ್ಲಿ ಸಿಡಿಮದ್ದು ಹುದುಗಿಸಿಡುವುದುಂಟು. 2020ರಲ್ಲಿ ನೆರೆಯ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಅಂಥದನ್ನು ಕಚ್ಚಿದ್ದು ಹಂದಿಯಲ್ಲ, ಗಬ್ಬದ ಆನೆ. ಬಾಯಿ ಒಡೆದ ಆ ಪ್ರಾಣಿ ಹೊಳೆಯ ನೀರಿನಲ್ಲಿ ನಿಂತಂತೆಯೇ ಸತ್ತಿತು.