ಕೆಸರಿನಲ್ಲಿ ಓಡುವ ಹುಡುಗರು

ಮಳೆಗಾಲದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕೆಸರುಗದ್ದೆ ಕ್ರೀಡಾಕೂಟಗಳು ನಡೆಯುತ್ತವೆ. ಹೂಟಿ ಮಾಡಿ ನೀರು ನಿಲ್ಲಿಸಿದ ಗದ್ದೆಯಲ್ಲಿ ಓಟ, ಹಗ್ಗಜಗ್ಗಾಟ. ಮೊಣಕಾಲಿನವರೆಗೆ ಹೂತುಹೋಗುವ ಕೆಸರಿನಲ್ಲಿ ಹತ್ತು ಹೆಜ್ಜೆ ಓಡುವುದೂ ಎಷ್ಟು ಕಷ್ಟವೆಂಬುದು ಒಮ್ಮೆ ಗದ್ದೆಗೆ ಇಳಿದ ಮಕ್ಕಳಿಗೆಲ್ಲ ಗೊತ್ತು. ಇದೇ ಕೆಸರಿನಲ್ಲಿ, ಕೋಣಗಳ ಹಿಂದೆ, ನೂರು ಮೀಟರಿಗೂ ಹೆಚ್ಚು ದೂರವನ್ನು ಹದಿಮೂರು ಹದಿನಾಲ್ಕು ಸೆಕೆಂಡುಗಳಲ್ಲಿ ಕ್ರಮಿಸುವ ತರುಣರು ಘಟ್ಟದ ಕೆಳಗಿದ್ದಾರೆ. ಶೃಂಗೇರಿಯಿಂದ ಕೆರೆಕಟ್ಟೆಯ ಮೇಲೆ ಘಟ್ಟ ಇಳಿದರೆ ಬಜಗೋಳಿ, ಅದರಾಚೆ ಕಾರ್ಕಳದ ಮಿಯಾರು. ಅಲ್ಲಿಂದ ಮುಂದೆ ಕಂಬಳದ ನಾಡು.

ಅಮೆರಿಕದ ದನಗಾಹಿ ಊರುಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ರೋಡಿಯೋ ಸ್ಪರ್ಧೆಗೂ ನಮ್ಮ ಕಂಬಳಕ್ಕೂ ಒಂದು ಹೋಲಿಕೆಯಿದೆ. ಎರಡೂ ಹುಟ್ಟಿದ್ದು ದುಡಿಮೆಯಿಂದ. ಓಡುವ ಕರುವಿಗೆ ಹಗ್ಗ ಬೀಸಿ ಹಿಡಿಯುವುದು ಅಲ್ಲಿನ ದನಗಾಹಿಯ ನಿತ್ಯದ ಕೆಲಸವಾಗಿತ್ತು. ಕೋಣ ಕಟ್ಟಿ ಗದ್ದೆ ಉಳುವುದು ಇಲ್ಲಿನ ರೈತನ ಕೆಲಸ. ಗೂಳಿಯ ಬೆನ್ನ ಮೇಲೆ ಎಂಟು ಸೆಕೆಂಡು ಕುಳಿತವನು ಅಲ್ಲಿ ಗೆದ್ದ. ಇಲ್ಲಿ ಕೋಣದ ವೇಗಕ್ಕೆ ಹೆಜ್ಜೆ ಹಾಕಿ ಕೊನೆಯವರೆಗೆ ಬೀಳದೆ ಬಂದವನು ಗೆದ್ದ.

ಹಗ್ಗ, ನೇಗಿಲು, ಹಲಗೆ

ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡ ಹಲಗೆ, ಕೆನೆ ಹಲಗೆ ಎಂಬ ವಿಭಾಗಗಳಿವೆ. ಹಗ್ಗ ಮತ್ತು ನೇಗಿಲಿನಲ್ಲಿ ಹಿರಿಯ, ಕಿರಿಯ ಎಂಬ ಭೇದವುಂಟು. ಈ ಹಿರಿತನ ಕಿರಿತನ ಕೋಣಗಳದ್ದೇ ಹೊರತು ಓಡಿಸುವವನದ್ದಲ್ಲ. ಕೆನೆ ಹಲಗೆಯಲ್ಲಿ ವೇಗಕ್ಕಿಂತ ನೀರು ಚಿಮ್ಮುವ ಎತ್ತರ ಮುಖ್ಯ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ನೀರು ತಾಗಬೇಕು. ಹಲಗೆಯ ಮೇಲೆ ನಿಂತವನು ಮೈಭಾರವನ್ನು ಹೇಗೆ ಹಾಕುತ್ತಾನೆ ಎಂಬುದರಲ್ಲೇ ಎಲ್ಲ ಜಾಣ್ಮೆ ಇದೆ.

ಇದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ. ಹಿಂದೆ ಮನೆಯ ಹಟ್ಟಿಯಲ್ಲೇ ಇದರ ಪಾಠ ನಡೆಯುತ್ತಿತ್ತು. ಕೋಣಗಳಿಗೆ ಹುರುಳಿ ಬೇಯಿಸಿ ಹಾಕುವುದು, ಎಣ್ಣೆ ತಿಕ್ಕುವುದು, ಅವುಗಳ ಸ್ವಭಾವ ತಿಳಿಯುವುದು ಮೊದಲು, ಓಟ ಆಮೇಲೆ. ಈಚಿನ ವರ್ಷಗಳಲ್ಲಿ ಗುಣಪಾಲ ಕಡಂಬ ಅವರ ಮುಂದಾಳತ್ವದ ಕಂಬಳ ಅಕಾಡೆಮಿ ತರುಣರನ್ನು ಆರಿಸಿ ಕ್ರಮಬದ್ಧ ತರಬೇತಿ ಕೊಟ್ಟಿದೆ.

ಬೋಲ್ಟ್‌ನನ್ನು ಮೀರಿಸಿದ್ದು ನಿಜವೇ?

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡ 142.50 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಮುಟ್ಟಿದರು. ಯಾರೋ ಲೆಕ್ಕ ಹಾಕಿ ನೂರು ಮೀಟರಿಗೆ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಕಟ್ಟಡ ಕೆಲಸ ಮಾಡಿ ಬದುಕುತ್ತಿದ್ದ ಗೌಡರ ಹೆಸರು ಒಂದೇ ವಾರದಲ್ಲಿ ದೇಶವೆಲ್ಲ ಹಬ್ಬಿತು. ರಾಜ್ಯ ಸರ್ಕಾರ ಮೂರು ಲಕ್ಷ ರೂಪಾಯಿ ನೀಡಿ ಗೌರವಿಸಿತು. ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಕರೆ ಬಂತು.

ವಿದ್ಯಾರ್ಥಿಗಳು ಇಲ್ಲಿ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಂಬಳದ ಓಟಗಾರನನ್ನು ಮುಂದಕ್ಕೆ ಸೆಳೆಯಲು ಕೋಣಗಳ ಬಲವಿದೆ, ಬೋಲ್ಟ್‌ಗೆ ಅದಿರಲಿಲ್ಲ. ಅಲ್ಲದೆ ಯಾವ ಓಟದಲ್ಲೂ ಆರಂಭದ ಕೆಲವು ಹೆಜ್ಜೆ ನಿಧಾನ, ಆಮೇಲೆ ಪೂರ್ಣ ವೇಗ. ದೂರ ಸ್ವಲ್ಪ ಹೆಚ್ಚಾದರೆ ಸರಾಸರಿ ವೇಗವೂ ಏರುತ್ತದೆ. ಆದ್ದರಿಂದ 142 ಮೀಟರಿನ ಓಟವನ್ನು ಬರೀ ಭಾಗಾಕಾರದಿಂದ ನೂರು ಮೀಟರಿಗೆ ಇಳಿಸುವುದು ಸರಿಯಲ್ಲ. ಇನ್ನೊಂದೆಡೆ, ಬೋಲ್ಟ್ ಓಡಿದ್ದು ಗಟ್ಟಿ ಟ್ರ್ಯಾಕಿನ ಮೇಲೆ. ಗೌಡರ ಕಾಲ ಕೆಳಗಿದ್ದುದು ಕೆಸರು. ಸ್ವತಃ ಗೌಡರೇ ಎರಡೂ ಬೇರೆ ಬೇರೆ ಎಂದು ಹೇಳಿ ಆ ಪರೀಕ್ಷೆಯಿಂದ ದೂರ ಉಳಿದರು. ತನ್ನ ಶಕ್ತಿ ಎಲ್ಲಿದೆಯೆಂದು ತಿಳಿದವನ ಮಾತು ಅದು.

ನ್ಯಾಯಾಲಯದ ಮೆಟ್ಟಿಲು

ಕೋಣಗಳಿಗೆ ಹಿಂಸೆಯಾಗುತ್ತದೆಂಬ ಆಕ್ಷೇಪ ಹಳೆಯದು. ಬೆತ್ತದ ಏಟು ಕಂಡವರು ಅದನ್ನು ಸುಳ್ಳೆನ್ನುವಂತಿಲ್ಲ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಕಂಬಳಕ್ಕೆ ತೊಡಕಾಯಿತು. 2016ರಲ್ಲಿ ಹೈಕೋರ್ಟ್ ತಡೆ ನೀಡಿತು. ರಾಜ್ಯ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕಂಬಳ ನಡೆಯಿತು. ಮನುಷ್ಯರಿಗಾದ ಅವಮಾನದ ನೆನಪೂ ಈ ಆಚರಣೆಯೊಂದಿಗಿದೆ. ಕಂಬಳದ ಸಂದರ್ಭದಲ್ಲಿ ಕೊರಗ ಸಮುದಾಯದವರನ್ನು ಕೀಳಾಗಿ ಕಾಣುವ ರೂಢಿಗಳಿದ್ದವು. ಅಂಥ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾಯ್ದೆಯೇ ಬರಬೇಕಾಯಿತು. ಸಂಪ್ರದಾಯವೆಂದ ಮಾತ್ರಕ್ಕೆ ಎಲ್ಲವನ್ನೂ ಉಳಿಸಿಕೊಳ್ಳಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಪರೀಕ್ಷೆಯ ಕಾಲದಲ್ಲೇ ಕಂಬಳ

ತಂದೆತಾಯಿಯರನ್ನು ಕಾಡುವ ಪ್ರಶ್ನೆ ಬೇರೆಯೇ. ಕಂಬಳದ ಕಾಲ ನವೆಂಬರಿನಿಂದ ಮಾರ್ಚ್, ಏಪ್ರಿಲ್‌ವರೆಗೆ. ಓದಿ ಪರೀಕ್ಷೆ ಬರೆಯುವ ಕಾಲವೂ ಅದೇ. ವಾರಾಂತ್ಯದ ಸ್ಪರ್ಧೆಗಳು ರಾತ್ರಿಯಿಡೀ ನಡೆದು ಬೆಳಗಾದ ಮೇಲೆ ಮುಗಿಯುವುದುಂಟು. ಓಡಿಸುವವನಿಗೆ ಹೆಸರು ಬರುತ್ತದೆ, ಬಹುಮಾನ ಬರುತ್ತದೆ. ಆದರೆ ಕೋಣ ಯಜಮಾನನದು, ಕಾಲು ಮಾತ್ರ ತನ್ನದು. ಒಮ್ಮೆ ಜಾರಿಬಿದ್ದು ಮಂಡಿ ಹೋದರೆ ಮುಂದಿನ ದಾರಿ ಕಷ್ಟ. ದೇಶವೇ ಕೊಂಡಾಡಿದ ಗೌಡರಿಗೂ ಹೊಟ್ಟೆಪಾಡಿಗೆ ಕಟ್ಟಡದ ಕೆಲಸವಿತ್ತೆಂಬುದನ್ನು ಮರೆಯಬಾರದು. ಹಾಗೆಂದು ಆಸೆಯಿರುವ ಹುಡುಗನನ್ನು ಗದರಿಸಿ ಕೂರಿಸಬೇಕಿಲ್ಲ. ಹತ್ತನೆಯ ತರಗತಿ, ಪಿಯುಸಿ ಮುಗಿಯುವವರೆಗೆ ಕೋಣದ ಆರೈಕೆ, ಮೈ ಹುರಿಗೊಳಿಸುವ ಅಭ್ಯಾಸ ಇಷ್ಟೇ ಸಾಕು ಎಂದು ಮನೆಯಲ್ಲೇ ಒಪ್ಪಂದವಾದರೆ ಎರಡೂ ಉಳಿಯುತ್ತವೆ.

ಮಲೆನಾಡಿನ ಮಕ್ಕಳಿಗೆ ಈ ಇಕ್ಕಟ್ಟಿಲ್ಲ. ಕೆಸರುಗದ್ದೆ ಆಟ ಬರುವುದು ಮಳೆಗಾಲದಲ್ಲಿ, ಪಾಠಗಳು ಈಗಷ್ಟೇ ಆರಂಭವಾದಾಗ. ಬಹುಮಾನಕ್ಕಿಂತ ನಗುವೇ ಹೆಚ್ಚು. ಇಲ್ಲಿ ಕೊರತೆಯಾಗುತ್ತಿರುವುದು ಗದ್ದೆ. ಭತ್ತ ಗಿಟ್ಟದೆ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಒಮ್ಮೆ ಅಡಿಕೆ ಸಸಿ ನೆಟ್ಟ ಗದ್ದೆಗೆ ಮತ್ತೆ ಕೋಣವೂ ಇಳಿಯದು, ಮಕ್ಕಳೂ ಇಳಿಯರು.